ಗುರುವಿಗೆ ಧೂಮಕೇತು ಬಡಿದದ್ದನ್ನ 30 ಸೆಕೆಂಡಲ್ಲಿ ತೋರಿಸೋದು ಹೇಗೆ?

ಧೂಮಕೇತು ಗ್ರಹಕ್ಕೆ ಬಡಿಯೋ ವಿಡಿಯೊ ನೀವು ಫೋನಲ್ಲಿ ನೋಡೇ ಇರ್ತೀರಿ. ಉರಿಯೋ ಬಂಡೆ, ರಾಕೆಟ್ ಥರ ಹಿಂದೆ ಬೆಂಕಿ, ಢಮಾರ್ ಅಂತ ಸದ್ದು. ಬಹುಪಾಲು ಸುಳ್ಳು.

ದೊಡ್ಡಬಳ್ಳಾಪುರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡೋ ನನ್ನ ಗೆಳೆಯ ಈಗ ಹೈಸ್ಕೂಲ್ ಮಕ್ಕಳಿಗೋಸ್ಕರ ಇಂಥದ್ದೇ ಒಂದು ಆನಿಮೇಷನ್ ಮಾಡ್ತಿದ್ದಾನೆ. ಲೆಕ್ಕ ನನ್ನದು, ಬಿ.ಕಾಂ. ಓದಿದ್ದು ಇದಕ್ಕಾದ್ರೂ ಬಂತು. ಮಕ್ಕಳ ತಲೇಲಿ ಮೊದಲು ನೋಡಿದ್ದೇ ಕೂತ್ಬಿಡುತ್ತೆ. ನಾಳೆ ವಾಟ್ಸಾಪಲ್ಲಿ ಪ್ರಳಯದ ವಿಡಿಯೊ ಬಂದ್ರೆ ಅದನ್ನ ಅಳೆಯೋಕೆ ಅವರ ಹತ್ರ ಇರೋದು ಇದೊಂದೇ.

ನಾವು ಹಿಡಿದಿರೋದು ನಿಜವಾಗಿ ನಡೆದ ಘಟನೆ. ಶೂಮೇಕರ್-ಲೆವಿ 9 ಧೂಮಕೇತುವನ್ನ 1993ರ ಮಾರ್ಚ್‌ನಲ್ಲಿ ಪತ್ತೆ ಹಚ್ಚಿದ್ರು. ಅಷ್ಟೊತ್ತಿಗೆ ಅದು ಗುರು ಗ್ರಹದ ಸೆಳೆತಕ್ಕೆ ಒಡೆದು ಚೂರಾಗಿತ್ತು. 1994ರ ಜುಲೈ 16ರಿಂದ 22ರವರೆಗೆ ಆ ಚೂರುಗಳು ಒಂದಾದ ಮೇಲೊಂದು ಗುರುವಿಗೆ ಬಡಿದ್ವು.

ತೊಂದರೆ ಶುರುವಾಗೋದು ಅಳತೇಲಿ. ಗುರುವಿನ ಅಗಲ ಸುಮಾರು 1,43,000 ಕಿ.ಮೀ. ಫೋನ್ ಪರದೆ ಅಡ್ಡಕ್ಕೆ 1080 ಪಿಕ್ಸೆಲ್ ಅಂದ್ಕೊಳ್ಳಿ. ಗುರು ಪೂರ್ತಿ ತುಂಬಿದ್ರೆ ಒಂದು ಪಿಕ್ಸೆಲ್‌ಗೆ 132 ಕಿ.ಮೀ. ಧೂಮಕೇತುವಿನ ದೊಡ್ಡ ಚೂರೂ ಒಂದೆರಡು ಕಿ.ಮೀ. ಅಷ್ಟೇ, ಕಾಣೋದೇ ಇಲ್ಲ! ವೇಗ ಸೆಕೆಂಡಿಗೆ 60 ಕಿ.ಮೀ. ಆ ವೇಗಕ್ಕೆ ಹೊಸಕೋಟೆಯಿಂದ ನೆಲಮಂಗಲಕ್ಕೆ ನೇರ ಹೋಗೋಕೆ ಒಂದು ಸೆಕೆಂಡೂ ಬೇಡ. ಆದ್ರೆ ಪರದೆ ಮೇಲೆ ಒಂದು ಪಿಕ್ಸೆಲ್ ದಾಟೋಕೇ ಎರಡು ಸೆಕೆಂಡ್ ಮೇಲೆ ಬೇಕು.

ಹಾಗಾಗಿ ಎರಡು ಕಡೆ ರಾಜಿ ಆದ್ವಿ. ಒಂದು ನಿಮಿಷ ಒಂದು ಸೆಕೆಂಡ್ ಆಗುತ್ತೆ, ಚೂರನ್ನ ಮಸುಕಾದ ಬೆಳಕಿನ ಚುಕ್ಕಿ ಮಾಡ್ತೀವಿ. ಎರಡನ್ನೂ ಪರದೆ ಮೇಲೇ ಬರೀತೀವಿ. ಹೊಸಕೋಟೆ ಹತ್ರದ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಕ್ಯಾಂಪಸ್‌ನಲ್ಲಿ ಕೂತು ಲಡಾಖ್‌ನ ಹಾನ್ಲೆಯ 2 ಮೀಟರ್ ದೂರದರ್ಶಕ ನಡೆಸ್ತಾರಲ್ಲ, ಅದರಲ್ಲಿ ತೆಗೆದ ಧೂಮಕೇತುಗಳ ಚಿತ್ರ ನೋಡಿ: ಮಸುಕು ಬೆಳಕು, ಸೂರ್ಯನ ಎದುರು ದಿಕ್ಕಿಗೆ ಚಾಚಿದ ಬಾಲ. ಬೆಂಕಿ ಎಲ್ಲೂ ಇಲ್ಲ.

ನನಗೆ ಖುಷಿ ಕೊಟ್ಟದ್ದು ಮುಂದಿನ ಲೆಕ್ಕ. ಬಡಿದ ಜಾಗದಿಂದ ಬಿಸಿ ಅನಿಲದ ಚಿಲುಮೆ ಸುಮಾರು 3,000 ಕಿ.ಮೀ. ಎತ್ತರಕ್ಕೆ ಚಿಮ್ಮಿದ್ದನ್ನ ಹಬಲ್ ನೋಡಿತ್ತು. ಕಲ್ಲು ಮೇಲಕ್ಕೆಸೆಯೋ ಹೈಸ್ಕೂಲ್ ಸೂತ್ರವನ್ನೇ ಹಾಕಿ, ಗುರುವಿನ ಗುರುತ್ವ ಭೂಮಿಯ ಎರಡೂವರೆ ಪಟ್ಟು ಅಂತ ಇಟ್ಕೊಂಡ್ರೆ, ಏರೋಕೆ 8 ನಿಮಿಷ, ಇಳಿಯೋಕೆ 8 ನಿಮಿಷ. ನಮ್ಮ ವಿಡಿಯೊದಲ್ಲಿ 16 ಸೆಕೆಂಡ್. ಸದ್ದು? ನಡುವೆ ಗಾಳಿಯೇ ಇಲ್ಲ, ಮೌನ.

ಇನ್ನೊಂದು, ಕ್ಯಾಮೆರಾ ಭೂಮಿ ಕಡೆಯಿಂದ ಇಟ್ರೆ ಬಡಿಯೋ ಕ್ಷಣ ಕಾಣಬಾರದು. ಅದು ನಡೆದದ್ದು ಗ್ರಹದ ಅಂಚಿನಾಚೆ, ಕತ್ತಲ ಬದಿಯಲ್ಲಿ. ನೇರವಾಗಿ ನೋಡಿದ್ದು ಆಗ ಗುರುವಿನ ಕಡೆ ಹೊರಟಿದ್ದ ಗೆಲಿಲಿಯೊ ನೌಕೆ.

ಗುಂಡಿಯೂ ಬೀಳಬಾರದು. ಗುರುವಿಗೆ ನೆಲವೇ ಇಲ್ವಲ್ಲ! ಉಳಿದದ್ದು ಮೋಡಗಳ ಮೇಲೆ ಕಪ್ಪು ಕಲೆಗಳು. ಜಿ ಅನ್ನೋ ಚೂರು ಬಿಟ್ಟ ಕಲೆ ಭೂಮಿಯಷ್ಟು ಅಗಲ ಇತ್ತು, ಪರದೆ ಮೇಲೆ ತೊಂಬತ್ತು ಪಿಕ್ಸೆಲ್. ಕೊನೇ ಆರು ಸೆಕೆಂಡ್ ಅದಕ್ಕೇ ಬಿಟ್ಟಿದ್ದೀವಿ, ಪಕ್ಕದಲ್ಲಿ ಅದೇ ಅಳತೆಯ ಭೂಮಿ ಇಟ್ಟು.