ನಿಮ್ಮ ಮನೆಗೆ ಗಾಳಿಯಂತ್ರ ಒಪ್ಪುವುದೇ?

ಗದಗ ಜಿಲ್ಲೆಯ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಂಡವರಿಗೆ, ನಮ್ಮ ಮನೆಗೂ ಅಂಥದೊಂದು ಪುಟ್ಟ ಯಂತ್ರವಿದ್ದರಾಗದೇ ಎನ್ನಿಸುವುದು ಸಹಜ. ಆದರೆ ಗಾಳಿಯ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾದುದು: ಸೆಕೆಂಡಿಗೆ 6 ಮೀಟರು ವೇಗದ ಗಾಳಿಯಲ್ಲಿ 3 ಮೀಟರಿನದಕ್ಕಿಂತ ಇಮ್ಮಡಿಯಲ್ಲ, ಎಂಟು ಮಡಿ ಶಕ್ತಿಯಿದೆ! ಹಿತವಾಗಿ ತೀಡುವ ತಂಗಾಳಿಯಿಂದ ದೀಪ ಉರಿಯದು. ಮರದ ಎಲೆಗಳೂ ಎಳೆಯ ರೆಂಬೆಗಳೂ ಎಡೆಬಿಡದೆ ಅಲುಗುತ್ತಿದ್ದರೆ ವೇಗವು 3.4ರಿಂದ 5.4 ಮೀಟರೆಂದು ತಿಳಿಯಿರಿ. ಸಣ್ಣ ಯಂತ್ರಗಳು ತಿರುಗತೊಡಗುವುದೇ ಸುಮಾರು ಈ ವೇಗದಲ್ಲಿ. ಆಷಾಢದ ಗಾಳಿಯೊಂದನ್ನೇ ನಂಬಿ ಹಣ ತೆತ್ತವರು ಮೋಸಹೋಗುವರು. ಮುಂಗಾರು ಹಿಂದೆಗೆದ ಮೇಲೆ ಅದೇ ಬಯಲಿನಲ್ಲಿ ಎಲೆಯೂ ಅಲುಗದ ದಿನಗಳುಂಟು. ಆದುದರಿಂದ ಯಂತ್ರ ನಿಲ್ಲಬೇಕಾದ ಎತ್ತರದಲ್ಲಿಯೇ ವೇಗಮಾಪಕವನ್ನು ಕಟ್ಟಿ ವರ್ಷವಿಡೀ ಅಳೆಯಬೇಕು. ಸುತ್ತಲಿನ 150 ಮೀಟರಿನೊಳಗಿರುವ ಮರ, ಮಾಳಿಗೆಗಳಿಗಿಂತ 9 ಮೀಟರಾದರೂ ಮೇಲಿರದ ಯಂತ್ರಕ್ಕೆ ದೊರೆಯುವುದು ಕದಡಿದ ಸುಳಿಗಾಳಿ ಮಾತ್ರ.