ಗೇರ್ ಪೆಟ್ಟಿಗೆಯಿಂದ ಎಣ್ಣೆ ಜಿನುಗುವಿಕೆ

ಫಸಲು ಸಾಗಿಸುವ ಪಿಕಪ್ ವಾಹನವು ನಿಂತ ಸ್ಥಳದಲ್ಲಿ ಗೇರ್ ಎಣ್ಣೆಯ ತೊಟ್ಟುಗಳು ಕಂಡೊಡನೆ ಸೀಲನ್ನು ಬದಲಾಯಿಸಲು ಹೊರಡುವುದು ಯುಕ್ತವಲ್ಲ. ಪೆಟ್ಟಿಗೆಯ ಹೊರಮೈಯನ್ನು ಚೆನ್ನಾಗಿ ಒರೆಸಿ, ವಾಹನವನ್ನು ಕೆಲವು ಮೈಲಿ ಓಡಿಸಿ, ರಾತ್ರಿ ಕೆಳಗೆ ರಟ್ಟು ಹಾಸಿ, ಎಣ್ಣೆಯು ಎಲ್ಲಿಂದ ಇಳಿಯುವುದೆಂದು ನೋಡತಕ್ಕದ್ದು. ಪೆಟ್ಟಿಗೆಯ ಮೇಲ್ಭಾಗದ ಗಾಳಿರಂಧ್ರವು ಕೆಸರಿನಿಂದ ಮುಚ್ಚಿದ್ದರೆ, ಓಟದಲ್ಲಿ ಕಾದು ಹಿಗ್ಗಿದ ಗಾಳಿಯು ಹೊರಹೋಗಲಾರದೆ ಎಣ್ಣೆಯನ್ನು ಸೀಲಿನ ಅಂಚಿನಿಂದ ಹೊರದೂಡುವುದು. ಆಗ ಹೊಸ ಸೀಲೂ ಜಿನುಗದೆ ಇರದು. ಗದ್ದೆಯ ಹಾದಿಯಲ್ಲಿ ತಿರುಗುವ ವಾಹನಗಳಲ್ಲಿ ಇದನ್ನು ಮರೆಯಲಾಗದು. ರಂಧ್ರವನ್ನು ಶುಚಿಮಾಡಿದ ಬಳಿಕವೂ ಸೀಲು ಒದ್ದೆಯಾದರೆ ಬದಲಾಯಿಸಿ, ಅದು ಕೂರುವ ದಂಡದಲ್ಲಿ ಸವೆತದ ಗೆರೆ ಬಿದ್ದಿದೆಯೇ ಎಂದೂ ಮೆಕ್ಯಾನಿಕನಿಂದ ಪರೀಕ್ಷೆ ಮಾಡಿಸತಕ್ಕದ್ದು. ಅಲ್ಲಿಯವರೆಗೆ ಎಣ್ಣೆಯ ಮಟ್ಟವನ್ನು ಆಗಾಗ್ಗೆ ನೋಡಿ, ತಯಾರಕರು ಸೂಚಿಸಿದ ಎಣ್ಣೆಯನ್ನೇ ಹೊಯ್ಯುತ್ತಿರಬೇಕು. ಎಣ್ಣೆ ಕುಂದಿದ ಪೆಟ್ಟಿಗೆಯು ಹೇರಿನೊಡನೆ ಓಡಿದರೆ ಬೇರಿಂಗುಗಳೂ ಹಲ್ಲುಚಕ್ರಗಳೂ ಸವೆದು, ಸುಗ್ಗಿಯ ನಡುವೆಯೇ ವಾಹನವು ಕಾರ್ಖಾನೆಯಲ್ಲಿ ನಿಲ್ಲುವುದು.