ನಗದಿಗೆ ಮಿತಿ ಬಂತು, ಗುಳೆ ಹೋದವರ ಗತಿ?

ಎರಡು ಲಕ್ಷದ ನಗದು ಮಿತಿ ಅಂದರೆ ಕುಷ್ಟಗಿ, ಯಲಬುರ್ಗಾ ಕಡೆಯ ಕೂಲಿಕಾರರು ನಗಬಹುದು. ಅಷ್ಟು ದುಡ್ಡು ನಾವು ಎಲ್ಲಿ ನೋಡೇವ್ರಿ ಅನ್ನಬಹುದು. ಮಾತು ನಿಜ. 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ. ಸ್ಟುಡಿಯೋದಲ್ಲಿ ನಾವೆಲ್ಲ ಗಂಟಲು ಹರಿದುಕೊಂಡಿದ್ದು ಇದರ ಮೇಲೆಯೇ. ಆದರೆ ಬಡವನ ಬಾಗಿಲು ತಟ್ಟಿದ್ದು ಬೇರೆ ನಿಯಮ.

ವ್ಯಾಪಾರಿಯೋ ಗುತ್ತಿಗೆದಾರನೋ ಒಬ್ಬನಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ, ಅದನ್ನು ಖರ್ಚು ಅಂತ ತೆರಿಗೆ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ಮೊದಲು ಈ ಮಿತಿ 20,000 ಇತ್ತು. ಗಂಗಾವತಿಯ ರೈಸ್ ಮಿಲ್ಲಿನವರು ರೈತನಿಂದಲೇ ಭತ್ತ ಕೊಂಡರೆ ವಿನಾಯಿತಿ ಉಂಟು. ಅದು ಭತ್ತಕ್ಕೆ, ಚೀಲ ಹೊತ್ತ ಹಮಾಲಿಗಲ್ಲ.

ಈಗ ನೋಡಿ ಏನಾಗುತ್ತೆ. ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಗುಳೆ ಹೋದ ಗಂಡ-ಹೆಂಡತಿಗೆ ತಿಂಗಳ ಕೂಲಿ ಕೊಡುವಾಗ ಮಾಲೀಕ ಖಾತೆ ನಂಬರ್ ಕೇಳ್ತಾನೆ. ಖಾತೆ ಇಲ್ಲ. ಆಗ ದುಡ್ಡು ಮೇಸ್ತ್ರಿಯ ಖಾತೆಗೆ ಹೋಗುತ್ತೆ. ಮೇಸ್ತ್ರಿ ಮುಂಗಡ ಮುರ್ಕೊಂಡು, ತನ್ನ ಲೆಕ್ಕ ಹೇಳಿ, ಉಳಿದದ್ದನ್ನು ಕೈಗಿಡ್ತಾನೆ. ಬ್ಯಾಂಕಿನ ದಾಖಲೆಯಲ್ಲಿ ಕೂಲಿ ಪೂರ್ತಿ ಪಾವತಿಯಾಗಿದೆ! ಇನ್ನು ಯಾರ ಹತ್ತಿರ ಜಗಳ ಮಾಡೋದು? ಕಪ್ಪುಹಣ ತಡೆಯಲು ತಂದ ನಿಯಮ ಮೇಸ್ತ್ರಿಯನ್ನೇ ಕೂಲಿಯವನ ಬ್ಯಾಂಕ್ ಮಾಡಿಬಿಟ್ಟಿತು ಅಂತ ನಾನು ಹೇಳ್ತೀನಿ.

ಜನಧನ ಇದೆಯಲ್ಲ ಅಂತೀರಿ. 2014ರ ಆಗಸ್ಟ್ 28ರಂದು ಶುರುವಾಯ್ತು, ಹೌದು. ಎರಡು ವರ್ಷ ವ್ಯವಹಾರ ನಡೆಯದಿದ್ದರೆ ಖಾತೆ ನಿಷ್ಕ್ರಿಯ. ಪಾಸ್‌ಬುಕ್ ಊರಿನ ಟ್ರಂಕಿನಲ್ಲಿ, ಮೊಬೈಲ್ ನಂಬರ್ ಬದಲು. ಅದೂ ಇಲ್ಲದಂತೆಯೇ.

ಹೊಸ ಖಾತೆಗೆ ವಿಳಾಸ ಬೇಕು. ಬಾಡಿಗೆ ಕೋಣೆಯ ಮಾಲೀಕ ಕರಾರು ಪತ್ರ ಬರೆದುಕೊಡಲ್ಲ. ಬಾಡಿಗೆ ನಗದು, ರಸೀದಿ ಇಲ್ಲ. ಕೊಪ್ಪಳದ ಗಿಣಿಗೇರಿ ಸುತ್ತಿನ ಕಾರ್ಖಾನೆಗಳಿಗೆ ಹೊರರಾಜ್ಯದಿಂದ ದುಡಿಯಲು ಬಂದವರಿಗೂ ಇದೇ ಕಥೆ. ರಸೀದಿ ಇಲ್ಲ ಅಂದಮೇಲೆ ಅಡ್ವಾನ್ಸ್ ವಾಪಸ್ ಕೇಳೋಕೂ ಬಾಯಿಲ್ಲ.

ದಾರಿ ಇಲ್ಲವೇ? ಇದೆ, ಕೌಂಟರಿನಲ್ಲಿ ಹೇಳುವವರು ಕಡಿಮೆ. ಆಧಾರ್ ಬೆರಳಚ್ಚಿನ ಮೂಲಕ ಖಾತೆ ತೆರೆಯುವಾಗ, ಈಗಿನ ವಿಳಾಸ ಬೇರೆ ಇದ್ದರೆ ನೀವೇ ಬರೆದು ಸಹಿ ಹಾಕಿದ ಘೋಷಣೆ ಸಾಕು. 2019ರ ನವೆಂಬರ್‌ನಲ್ಲಿ ನಿಯಮ ತಿದ್ದಿದ್ದಾರೆ. ದಾಖಲೆಯೇ ಇಲ್ಲದವರಿಗೆ 'ಸಣ್ಣ ಖಾತೆ' ಇದೆ. ಫೋಟೋ ಕೊಟ್ಟು, ಬ್ಯಾಂಕ್ ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಆಯ್ತು.

ಆದರೆ ಲೆಕ್ಕ ಹಾಕಿ. ದಿನಕ್ಕೆ 500ರಂತೆ 26 ದಿನ ದುಡಿದರೆ 13,000. ಸಣ್ಣ ಖಾತೆಯಿಂದ ತಿಂಗಳಿಗೆ ತೆಗೆಯಬಹುದಾದದ್ದು 10,000. ವರ್ಷಕ್ಕೆ ಜಮಾ 1 ಲಕ್ಷ ಮೀರುವಂತಿಲ್ಲ. ಎಂಟು ತಿಂಗಳಿಗೇ ಮೀರಿತು. ಖಾತೆಯ ಆಯುಷ್ಯವೂ 12 ತಿಂಗಳು. ಅಷ್ಟರೊಳಗೆ ಗುರುತಿನ ದಾಖಲೆಗೆ ಅರ್ಜಿ ಹಾಕಿ, ಅದರ ರಸೀದಿ ಬ್ಯಾಂಕಿಗೆ ತೋರಿಸಿ. ಇನ್ನು 12 ತಿಂಗಳು ಸಿಗುತ್ತೆ.